ಬಾಣದ ಗುರುತು ಹಾಕುವ ಮುನ್ನ: ಜನರ ಕಣ್ಣಿಗೆ ದಾರಿ ತೋರಿಸುವುದು ಹೇಗೆ?

ಕಲಬುರಗಿಯಲ್ಲಿ ದಾರಿ ತೋರಿಸುವ ಬೋರ್ಡು ಹಾಕುವವರು ತುಂಬಾ ಜನ. ಶರಣಬಸವೇಶ್ವರ ಜಾತ್ರೆಯ ಸ್ವಯಂಸೇವಕರು, ಖಾಜಾ ಬಂದೇನವಾಜ್ ದರ್ಗಾದ ಉರುಸಿನಲ್ಲಿ ಪಾರ್ಕಿಂಗ್ ನೋಡಿಕೊಳ್ಳುವ ಹುಡುಗರು, ಪರೀಕ್ಷೆ ದಿನ ಕಾಲೇಜಿನ ಗೇಟಿಗೆ ಹಾಳೆ ಅಂಟಿಸುವ ಗುಮಾಸ್ತರು, ಆಸ್ಪತ್ರೆಯ ಸಿಬ್ಬಂದಿ, ಮದುವೆ ಮನೆಯವರು. ಎಲ್ಲರ ದೂರೂ ಒಂದೇ. ಬೋರ್ಡು ಹಾಕಿದರೂ ಜನ ಓದುವುದಿಲ್ಲ. ಬೋರ್ಡಿನ ಕೆಳಗೇ ನಿಂತು “ಅಣ್ಣಾ, ಎಕ್ಸ್‌ರೇ ಎಲ್ಲದ ರೀ?” ಅಂತ ಕೇಳುತ್ತಾರೆ.

ಜನರನ್ನು ಬೈಯುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೇಡಂ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು, ಮೊಮ್ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದ ಅಜ್ಜಿ ಬೋರ್ಡು ಓದುತ್ತಾ ನಿಲ್ಲುವುದಿಲ್ಲ. ಆಕೆಯ ಗಮನವೆಲ್ಲ ಮಗುವಿನ ಮೇಲಿರುತ್ತದೆ. ಬೋರ್ಡು ಆ ಗಮನವನ್ನು ಹಿಡಿದು ತಿರುಗಿಸಬೇಕು. ಅದು ಹೇಗೆ ಅನ್ನುವುದರ ಬಗ್ಗೆ ಮನಶ್ಶಾಸ್ತ್ರದಲ್ಲಿ ನಲವತ್ತು ವರ್ಷಗಳಿಗೂ ಹೆಚ್ಚು ಕಾಲದ ಒಳ್ಳೆಯ ಕೆಲಸ ಆಗಿದೆ. ಅದನ್ನು ನಮ್ಮ ಬೋರ್ಡುಗಳಿಗೆ ಬಳಸುವುದು ಹೇಗೆ ಅಂತ ಹೇಳಲು ಈ ಲೇಖನ.

ಮೊದಲು ಗಮನ ಅಂದರೆ ಏನು ಅಂತ ತಿಳಿದುಕೊಳ್ಳಿ

ಕೈ ಪೂರ್ತಿ ಚಾಚಿ ಹೆಬ್ಬೆರಳು ನೋಡಿ. ನಿಮ್ಮ ಕಣ್ಣಿಗೆ ಒಂದು ಕ್ಷಣದಲ್ಲಿ ನಿಚ್ಚಳವಾಗಿ ಕಾಣುವುದು ಹೆಚ್ಚು ಕಡಿಮೆ ಅಷ್ಟೇ ಅಗಲದ ಜಾಗ. ಉಳಿದದ್ದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತಾ ಇರುತ್ತದೆ. ಮುಂದಿನ ಜಿಗಿತ ಎಲ್ಲಿಗೆ ಅಂತ ಹೇಳುವುದು ಗಮನದ ಕೆಲಸ. ಕಣ್ಣು ಅಲ್ಲಾಡದಿದ್ದರೂ ಗಮನ ಪಕ್ಕಕ್ಕೆ ಹೋಗಬಹುದು. 19ನೇ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕತ್ತಲಲ್ಲಿ ಕಿಡಿ ಹಾರಿಸಿ ಇದನ್ನು ತಮ್ಮ ಮೇಲೇ ಪರೀಕ್ಷಿಸಿದ್ದರು.

1980ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಮೈಕಲ್ ಪೋಸ್ನರ್ ಇದನ್ನು ಅಳೆಯುವ ಸರಳ ವಿಧಾನವನ್ನು ವಿವರಿಸಿದರು. ಪರದೆಯ ನಡುವೆ ಒಂದು ಗುರುತು ನೋಡುತ್ತಾ ಕೂರಬೇಕು. ಅಲ್ಲಿ ಬಾಣ ಬರುತ್ತದೆ. ಆಮೇಲೆ ಎಡಕ್ಕೋ ಬಲಕ್ಕೋ ಬೆಳಕಿನ ಚುಕ್ಕೆ. ಚುಕ್ಕೆ ಕಂಡ ಕೂಡಲೇ ಗುಂಡಿ ಒತ್ತಬೇಕು, ಅಷ್ಟೇ. ಹೆಚ್ಚಿನ ಸಲ ಬಾಣ ನಿಜ ಹೇಳುತ್ತದೆ, ಕೆಲವು ಸಲ ಸುಳ್ಳು. ಬಾಣ ತೋರಿಸಿದ ಕಡೆಯೇ ಚುಕ್ಕೆ ಬಂದರೆ ಜನ ಬೇಗ ಒತ್ತುತ್ತಾರೆ. ವಿರುದ್ಧ ಕಡೆ ಬಂದರೆ ತಡ. ಎಷ್ಟು ತಡ? ಬಾಣವೇ ಇಲ್ಲದೆ ಬರೀ ಕೂಡಿಸುವ ಚಿಹ್ನೆ ಇದ್ದಾಗ ಹಿಡಿಯುವ ಸಮಯಕ್ಕಿಂತಲೂ ಜಾಸ್ತಿ.

ಇದನ್ನು ಗಟ್ಟಿಯಾಗಿ ನೆನಪಿಡಿ. ತಪ್ಪು ಬಾಣ ಇರುವುದಕ್ಕಿಂತ ಬಾಣ ಇಲ್ಲದಿರುವುದೇ ವಾಸಿ. ವ್ಯತ್ಯಾಸ ಕೆಲವು ಹತ್ತು ಮಿಲಿಸೆಕೆಂಡ್‌ಗಳದ್ದು, ನಿಜ. ಆದರೆ ಕಾಲು ಹೋಗುವುದೂ ಗಮನ ಹೋದ ಕಡೆಗೇ ಅಲ್ವಾ? ಕಾರಿಡಾರಿನಲ್ಲಿ ಆ ತಪ್ಪು ಐದು ನಿಮಿಷದ ಸುತ್ತಾಟ ಆಗುತ್ತದೆ.

ಬಾಣವನ್ನು ನಂಬಬೇಕೋ ಬೇಡವೋ ಅಂತ ಯೋಚಿಸಿ ಆಮೇಲೆ ಆ ಕಡೆ ನೋಡುತ್ತೇವೆ ಅಂತ ಮೊದಲು ಅಂದುಕೊಂಡಿದ್ದರು. 2001 ಮತ್ತು 2002ರಲ್ಲಿ ಬಂದ ಪ್ರಯೋಗಗಳು ಅದನ್ನು ಬದಲಾಯಿಸಿದವು. ‘ಈ ಬಾಣಕ್ಕೆ ಅರ್ಥವೇ ಇಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ’ ಅಂತ ಮೊದಲೇ ಹೇಳಿದರೂ ಜನರ ಗಮನ ಬಾಣದ ಕಡೆಗೇ ಜಾರುತ್ತಿತ್ತು. ‘ಎಡ’, ‘ಬಲ’ ಅನ್ನುವಂಥ ಪದಗಳಿಗೂ ಈ ಗುಣ ಇದೆ. ಚಿಕ್ಕಂದಿನಿಂದ ಕಲಿತ ಗುರುತು ಒಪ್ಪಿಗೆ ಕೇಳದೆ ಕೆಲಸ ಮಾಡುತ್ತದೆ. ಬೋರ್ಡು ಹಾಕುವವರ ಮೇಲೆ ಎಷ್ಟು ಹೊಣೆ ಇದೆ ನೋಡಿ.

ನಿಮ್ಮ ಮೇಲೇ ಪರೀಕ್ಷೆ ಮಾಡಿ

ಕೆಲಸಕ್ಕೆ ಇಳಿಯುವ ಮೊದಲು ನಿಮ್ಮ ತಂಡದವರನ್ನು ಕೂರಿಸಿ ಇದೊಂದು ಮಾಡಿಸಿ. ಎರಡು ದೊಡ್ಡ ಹಾಳೆ ತೆಗೆದುಕೊಳ್ಳಿ. ಪ್ರತಿ ಹಾಳೆಯಲ್ಲೂ ಇಪ್ಪತ್ತು ದಪ್ಪ ಬಾಣ ಬರೆಯಿರಿ. ಕೆಲವು ಎಡಕ್ಕೆ, ಕೆಲವು ಬಲಕ್ಕೆ, ಕಲಸಿ ಬರೆಯಿರಿ. ಮೊದಲ ಹಾಳೆಯಲ್ಲಿ ಎಡ ಬಾಣದೊಳಗೆ ‘ಎಡ’, ಬಲ ಬಾಣದೊಳಗೆ ‘ಬಲ’ ಅಂತ ಬರೆಯಿರಿ. ಎರಡನೆಯದರಲ್ಲಿ ಉಲ್ಟಾ.

ಈಗ ಒಬ್ಬರು ಬಾಣವನ್ನು ಬಿಟ್ಟು ಪದವನ್ನು ಮಾತ್ರ ಓದಿ, ಆ ದಿಕ್ಕಿಗೆ ಕೈ ತೋರಿಸುತ್ತಾ ಹೋಗಲಿ. ಬಾಯಲ್ಲಿ ಹೇಳುವುದು ಬೇಡ, ಕೈಯೇ ತೋರಿಸಬೇಕು. ಬಾಣ ಅಡ್ಡ ಬರುವುದು ಕೈ ತೋರಿಸುವಾಗಲೇ ಜಾಸ್ತಿ. ಇನ್ನೊಬ್ಬರು ಮೊಬೈಲಿನಲ್ಲಿ ಸಮಯ ಹಿಡಿಯಲಿ. ಅರ್ಧ ಜನ ಮೊದಲ ಹಾಳೆಯಿಂದ, ಉಳಿದರ್ಧ ಎರಡನೆಯದರಿಂದ ಶುರು ಮಾಡಲಿ. ಇಲ್ಲದಿದ್ದರೆ ಅಭ್ಯಾಸದ ಲಾಭ ಒಂದೇ ಹಾಳೆಗೆ ಸಿಗುತ್ತದೆ. ಉಲ್ಟಾ ಹಾಳೆಯಲ್ಲಿ ಕೈ ತಡವರಿಸುವುದು ಎದುರಿಗೇ ಕಾಣುತ್ತದೆ.

ಇದು ಪೋಸ್ನರ್ ಪ್ರಯೋಗ ಅಲ್ಲ, ಅದರ ಹತ್ತಿರದ ನೆಂಟ. ಅಸಲಿ ಪ್ರಯೋಗಕ್ಕೆ ಮಿಲಿಸೆಕೆಂಡ್ ಅಳೆಯುವ ಕಂಪ್ಯೂಟರ್ ಬೇಕು. ಸೈಕೋಪೈ, ಸೈಟೂಲ್‌ಕಿಟ್ ಅನ್ನುವ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ. ಕಾಲೇಜು ಮೇಷ್ಟ್ರುಗಳು ವಿಜ್ಞಾನ ಪ್ರದರ್ಶನಕ್ಕೆ ಇಟ್ಟರೆ ಮಕ್ಕಳು ಬಿಟ್ಟು ಏಳುವುದಿಲ್ಲ.

ಹೊಸಬರಂತೆ ಒಮ್ಮೆ ನಡೆಯಿರಿ

ನಿಮಗೆ ಜಾಗ ಗೊತ್ತಿದೆ. ಅದೇ ತೊಂದರೆ. ಆದ್ದರಿಂದ ಆ ಕಟ್ಟಡ, ಆ ಮೈದಾನ ನೋಡದ ಒಬ್ಬರನ್ನು ಕರೆತನ್ನಿ. ಗೇಟಿನಿಂದ ನಡೆಯಲು ಹೇಳಿ, ನೀವು ಹಿಂದೆ ಸುಮ್ನೆ ಬನ್ನಿ. ಅವರು ಎಲ್ಲಿ ಹೆಜ್ಜೆ ನಿಧಾನ ಮಾಡುತ್ತಾರೆ, ಎಲ್ಲಿ ತಲೆ ಆಚೆ ಈಚೆ ತಿರುಗಿಸುತ್ತಾರೆ, ಅಲ್ಲಿ ಸುಣ್ಣದಿಂದ ಗುರುತು ಹಾಕಿ. ಬೋರ್ಡು ಬೇಕಾಗಿರುವುದು ಅಲ್ಲಿ. ಗೋಡೆ ಖಾಲಿ ಇದೆ ಅಂತ ಬೋರ್ಡು ಹಾಕುವುದು ನಮ್ಮಲ್ಲಿ ತುಂಬಾ ಇದೆ. ಖಾಲಿ ಗೋಡೆಗೂ ತಿರುವಿಗೂ ಸಂಬಂಧ ಇಲ್ಲ.

ಬಿಸಿಲನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಜನ ತಲೆ ಮೇಲೆ ಟವೆಲ್ಲೋ ಸೆರಗೋ ಹೊದ್ದು, ತಲೆ ತಗ್ಗಿಸಿ, ನೆರಳು ಹಿಡಿದು ನಡೆಯುತ್ತಾರೆ. ಹತ್ತಡಿ ಎತ್ತರದ ಕಮಾನಿನ ಮೇಲಿನ ಬಾಣ ಅವರಿಗೆ ಇಲ್ಲವೇ ಇಲ್ಲ. ನೆರಳಿರುವ ಬದಿಗೆ, ಎದೆಯಿಂದ ಕಣ್ಣಿನ ಎತ್ತರದೊಳಗೆ ಒಂದು ಬೋರ್ಡು ಇರಲಿ. ಜನಸಂದಣಿ ಆಗುವ ಕಡೆ ತಲೆಗಿಂತ ಮೇಲೆ ಇನ್ನೊಂದು. ಹೊಳೆಯುವ ಫ್ಲೆಕ್ಸ್ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಹೊಳಪಿಲ್ಲದ ಬಣ್ಣದಲ್ಲಿ ತಗಡಿನ ಮೇಲೆ ಬರೆಸಿದರೆ ಚೆನ್ನಾಗಿ ಕಾಣುತ್ತದೆ, ವರ್ಷಗಟ್ಟಲೆ ಬಾಳುತ್ತದೆ.

ಒಂದು ತಿರುವು, ಒಂದು ಬಾಣ

ನಾನು ನೋಡಿದ ಒಂದು ದೊಡ್ಡ ಕಟ್ಟಡದಲ್ಲಿ ಒಂದೇ ಬೋರ್ಡಿನಲ್ಲಿ ಹದಿನಾಲ್ಕು ಹೆಸರು, ಹದಿನಾಲ್ಕು ಬಾಣ ಇದ್ದವು. ಒಂಬತ್ತು ಎಡಕ್ಕೆ, ಐದು ಬಲಕ್ಕೆ, ಒಂದರ ಕೆಳಗೊಂದು ಬೆರೆಸಿ ಬರೆದಿದ್ದರು. ಓದುವವರ ಗಮನವನ್ನು ಪ್ರತಿ ಸಾಲೂ ಬೇರೆ ಕಡೆ ಎಳೆಯುತ್ತದೆ. ತಮ್ಮ ಸಾಲು ಹುಡುಕುವಷ್ಟರಲ್ಲಿ ಪಕ್ಕದ ಸಾಲಿನ ಬಾಣ ತನ್ನ ಕೆಲಸ ಮುಗಿಸಿರುತ್ತದೆ.

ಎಡಕ್ಕೆ ಹೋಗುವ ಹೆಸರುಗಳನ್ನೆಲ್ಲ ಒಂದು ಗುಂಪು ಮಾಡಿ, ಅದಕ್ಕೆ ಒಂದೇ ದೊಡ್ಡ ಬಾಣ ಕೊಡಿ. ಬಲಕ್ಕೆ ಹೋಗುವವು ಬೇರೆ ಗುಂಪು. ಸಾಧ್ಯವಾದರೆ ಎರಡು ಬೇರೆ ಬೋರ್ಡು, ಎಡದ್ದು ಎಡಗಡೆ ಕಂಬಕ್ಕೆ, ಬಲದ್ದು ಬಲಗಡೆ ಕಂಬಕ್ಕೆ. ಎಡ ಬಾಣ ಬೋರ್ಡಿನ ಎಡ ಅಂಚಿನಲ್ಲೇ ಇರಬೇಕು, ಬಲ ಬಾಣ ಬಲ ಅಂಚಿನಲ್ಲಿ. ಬಾಣ ಇರುವ ಜಾಗವೂ ಬಾಣದ ಮೊನೆಯೂ ಒಂದೇ ಮಾತು ಹೇಳಲಿ.

ಒಂದು ಗುಂಪಿನಲ್ಲಿ ನಾಲ್ಕೈದು ಹೆಸರಿಗಿಂತ ಜಾಸ್ತಿ ಬೇಡ. ಉಳಿದದ್ದಕ್ಕೆ ಮುಂದಿನ ತಿರುವು ಇದೆ. ಆಸ್ಪತ್ರೆಯ ಗೇಟಿನಲ್ಲಿ ಚೀಟಿ ಕೌಂಟರ್, ತುರ್ತು ಚಿಕಿತ್ಸೆ, ಹೆರಿಗೆ ವಾರ್ಡು, ಔಷಧಿ ಇಷ್ಟಿದ್ದರೆ ಸಾಕು.

ಬಾಣ ಬರೆಯುವ ರೀತಿ

ಬಾಣ ದಪ್ಪ ಇರಲಿ, ಮೊನೆ ಚೂಪಾಗಿರಲಿ, ಹಿಂದೆ ಗರಿ, ಬಳ್ಳಿ, ಹೂವು ಯಾವುದೂ ಬೇಡ. ಸಣಕಲಾದ ಚಂದದ ಬಾಣ ದೂರದಿಂದ ಬರೀ ಗೆರೆಯಾಗಿ ಕಾಣುತ್ತದೆ.

ಅಕ್ಷರದ ಗಾತ್ರಕ್ಕೆ ಬೋರ್ಡು ಬರೆಯುವವರ ಹಳೆಯ ಲೆಕ್ಕ ಹತ್ತಡಿ ದೂರಕ್ಕೆ ಒಂದು ಇಂಚು. ಮೂವತ್ತಡಿಯಿಂದ ಆರಾಮವಾಗಿ ಓದಬೇಕಾದರೆ ಮೂರು ಇಂಚು. ಕನ್ನಡಕ್ಕೆ ಇನ್ನೂ ಸ್ವಲ್ಪ ಸೇರಿಸಿ. ಒತ್ತಕ್ಷರ ಕೆಳಗೆ ಸಣ್ಣದಾಗಿ ಕೂರುತ್ತದೆ, ‘ಆಸ್ಪತ್ರೆ’ಯ ಕೆಳಗಿನ ಒತ್ತುಗಳೇ ಮೊದಲು ಮಸುಕಾಗುವುದು. ಬಾಣ ಅಕ್ಷರಕ್ಕಿಂತ ಎರಡು ಪಟ್ಟಾದರೂ ದೊಡ್ಡದಿರಲಿ.

ನೇರ ಹೋಗಿ ಅನ್ನಲು ಮೇಲ್ಮುಖ ಬಾಣ ಹಾಕುತ್ತೇವೆ. ಪಕ್ಕದಲ್ಲೇ ಮೆಟ್ಟಿಲಿದ್ದರೆ ಜನ ಮೇಲೆ ಹತ್ತುತ್ತಾರೆ. ಅಂಥ ಕಡೆ ಮೆಟ್ಟಿಲಿಗೆ ಓರೆ ಬಾಣ ಮತ್ತು ಮೆಟ್ಟಿಲಿನ ಚಿತ್ರ ಕೊಡಿ, ನೇರ ದಾರಿಗೆ ‘ನೇರ’ ಅಂತ ಪದ ಸೇರಿಸಿ.

ಬಣ್ಣದ ವಿಷಯ. ಸುತ್ತ ಇರುವುದಕ್ಕಿಂತ ಬೇರೆ ಆಗಿರುವ ಒಂದೇ ಒಂದು ಬಣ್ಣವನ್ನು ಕಣ್ಣು ಹುಡುಕದೇ ಹಿಡಿಯುತ್ತದೆ. ಜಾತ್ರೆಯ ಬೀದಿ ಕೆಂಪು, ಕೇಸರಿ, ಗುಲಾಬಿಗಳಿಂದ ತುಂಬಿರುತ್ತದೆ. ಅಲ್ಲಿ ಕೆಂಪು ಬೋರ್ಡು ಮುಳುಗಿಹೋಗುತ್ತದೆ. ಕಡು ನೀಲಿಯ ಮೇಲೆ ಬಿಳಿ, ಅಥವಾ ಹಳದಿಯ ಮೇಲೆ ಕಪ್ಪು ಆರಿಸಿ. ಊರಿಗೆಲ್ಲ ಅದನ್ನೇ ಬಳಸಿ. ಮೂರು ಬೋರ್ಡು ನೋಡುವಷ್ಟರಲ್ಲಿ ಜನ ಆ ಬಣ್ಣವನ್ನೇ ಹುಡುಕಲು ಶುರು ಮಾಡುತ್ತಾರೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಗಂಡಸರು ಪ್ರತಿ ಊರಲ್ಲೂ ಇದ್ದಾರೆ. ‘ಕೆಂಪು ಬಾಣ ಒಳಗೆ, ಹಸಿರು ಬಾಣ ಹೊರಗೆ’ ಅನ್ನುವ ಏರ್ಪಾಡು ಅವರಿಗೆ ಮೋಸ.

ನಮ್ಮ ಕಡೆ ಶಾಲೆ, ಗುಡಿ, ಆಸ್ಪತ್ರೆ ಎಲ್ಲೆಡೆ ನೆಲಕ್ಕೆ ಶಹಾಬಾದ್ ಫರ್ಸಿ. ಆ ಬೂದು ಕಲ್ಲಿನ ಮೇಲೆ ಹಳದಿ ಪೇಂಟಿನ ಪಟ್ಟಿ ತುಂಬಾ ಚೆನ್ನಾಗಿ ಎದ್ದು ಕಾಣುತ್ತದೆ. ಆಸ್ಪತ್ರೆಯ ಕಾರಿಡಾರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಓದಲು ಬಾರದವರಿಗೂ “ಈ ಹಳದಿ ಪಟ್ಟಿ ಹಿಡ್ಕೊಂಡು ಹೋಗವ್ವಾ” ಅಂದರೆ ಸಾಕು. ಜಾತ್ರೆಯಲ್ಲಿ ಮಾತ್ರ ನೆಲದ ಗುರುತು ಉಪಯೋಗ ಇಲ್ಲ, ಕಾಲುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಕನ್ನಡ, ಉರ್ದು ಮತ್ತು ನಂಬರುಗಳು

ಕಲಬುರಗಿ, ಬೀದರ್ ಎರಡೂ ಕಡೆ ಬೋರ್ಡಿನಲ್ಲಿ ಕನ್ನಡದ ಜೊತೆ ಉರ್ದು ಬೇಕಾಗುತ್ತದೆ. ಉರ್ದು ಬಲದಿಂದ ಎಡಕ್ಕೆ ಓದುವ ಲಿಪಿ. ಹಾಗಂತ ಉರ್ದು ಸಾಲಿಗೆ ಬಾಣ ತಿರುಗಿಸುವುದು ಬೇಡ. ಬಾಣ ತೋರಿಸುವುದು ನೆಲದ ಮೇಲಿನ ದಿಕ್ಕನ್ನು, ಯಾರು ಯಾವ ಕಡೆಯಿಂದ ಓದಿದರೂ ಅದು ಬದಲಾಗುವುದಿಲ್ಲ. ಭಾಷೆಗೊಂದು ಬಾಣವನ್ನೂ ಬರೆಸಬೇಡಿ. ಎಲ್ಲ ಸಾಲುಗಳ ಪಕ್ಕದಲ್ಲಿ, ಬೋರ್ಡಿನಷ್ಟೇ ಎತ್ತರದ ಒಂದೇ ಬಾಣ ಇರಲಿ. ಮರಾಠಿ, ತೆಲುಗು ಸೇರಿಸಬೇಕಾಗಿ ಬಂದರೂ ಆ ಬಾಣ ಹಾಗೇ ಉಳಿಯುತ್ತದೆ.

ನಂಬರಿನ ವಿಷಯದಲ್ಲಿ ಓದುವ ದಿಕ್ಕು ನಿಜಕ್ಕೂ ಕೆಲಸ ಮಾಡುತ್ತದೆ. 1993ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಡೆಹೇನ್ ಮತ್ತು ಜೊತೆಗಾರರು ಒಂದು ಸಂಗತಿ ತೋರಿಸಿದರು. ಎಡದಿಂದ ಬಲಕ್ಕೆ ಓದುವವರು ಸಣ್ಣ ಸಂಖ್ಯೆಗಳಿಗೆ ಎಡಗೈಯಲ್ಲಿ, ದೊಡ್ಡ ಸಂಖ್ಯೆಗಳಿಗೆ ಬಲಗೈಯಲ್ಲಿ ಬೇಗ ಉತ್ತರಿಸುತ್ತಾರೆ. 2009ರಲ್ಲಿ ಪ್ಯಾಲೆಸ್ಟೀನಿನವರ ಜೊತೆ ಇದನ್ನು ಮಾಡಿದಾಗ ಉಲ್ಟಾ ಬಂತು. ಅವರು ಅಕ್ಷರವನ್ನೂ ಅಂಕಿಯನ್ನೂ ಬಲದಿಂದ ಎಡಕ್ಕೆ ಓದುತ್ತಾರೆ. ಸಂಖ್ಯೆ ಕಂಡ ಮಾತ್ರಕ್ಕೇ ಗಮನ ಪಕ್ಕಕ್ಕೆ ಹೋಗುತ್ತದೆ ಅಂತಲೂ 2003ರಲ್ಲಿ ಒಂದು ಪ್ರಯೋಗ ಹೇಳಿತು. ಆದರೆ 2020ರಲ್ಲಿ ಹಲವು ಲ್ಯಾಬ್‌ಗಳು ಸೇರಿ ಅದನ್ನೇ ಮತ್ತೆ ಮಾಡಿದಾಗ ಆ ಪರಿಣಾಮ ಸಿಗಲಿಲ್ಲ.

ಪರೀಕ್ಷಾ ಕೇಂದ್ರದವರಿಗೆ ಇದರಿಂದ ಸಿಗುವ ಪಾಠ ಸರಳ. ಕೊಠಡಿ 1ರ ಮುಂದೆ ನಿಂತ ಹುಡುಗಿ ಕೊಠಡಿ 9 ಬಲಕ್ಕೇ ಇರುತ್ತದೆ ಅಂತ ತಾನಾಗಿ ಊಹಿಸುತ್ತಾಳೆ ಅನ್ನುವ ಭರವಸೆ ಬೇಡ. ಮೆಟ್ಟಿಲು ಹತ್ತಿದ ಕೂಡಲೇ ಎದುರಿನ ಗೋಡೆಯಲ್ಲಿ ‘1ರಿಂದ 5’ ಒಂದು ಬಾಣ, ‘6ರಿಂದ 12’ ಇನ್ನೊಂದು ಬಾಣ ಹಾಕಿ. ಹಾಲ್ ಟಿಕೆಟ್ ಹಿಡಿದು ನಡುಗುವ ಮಗುವಿಗೆ ಊಹೆ ಮಾಡುವ ಕೆಲಸ ಕೊಡಬಾರದು.

ಬಾಣಕ್ಕೂ ಸ್ವಲ್ಪ ಸಮಯ ಬೇಕು

ಪಕ್ಕದಲ್ಲಿ ಫಕ್ಕನೆ ಮಿಂಚಿದ ಬೆಳಕು ಗಮನವನ್ನು ಸುಮಾರು 100 ಮಿಲಿಸೆಕೆಂಡಿನಲ್ಲೇ ಎಳೆಯುತ್ತದೆ. ಬಾಣವನ್ನು ನೋಡಿ, ಅದರ ಅರ್ಥದ ಪ್ರಕಾರ ಗಮನವನ್ನು ಬೇಕೆಂದೇ ಕಳಿಸಲು ಸುಮಾರು 300 ಬೇಕು. ಆದರೆ ಬಾಣ ಕಳಿಸಿದ ಗಮನ ಅಲ್ಲೇ ನಿಲ್ಲಬಲ್ಲದು. ಮಿಂಚು ಎಳೆದ ಗಮನ ಬೇಗ ಬಿಟ್ಟುಹೋಗುತ್ತದೆ, ಆಮೇಲೆ ಅದೇ ಜಾಗಕ್ಕೆ ಮರಳಲು ತಡ ಮಾಡುತ್ತದೆ. 1984ರಲ್ಲಿ ಪೋಸ್ನರ್ ಮತ್ತು ಕೋಹೆನ್ ಇದನ್ನು ವಿವರಿಸಿದರು.

ಅದಕ್ಕೇ ತಿರುವಿನ ಬೋರ್ಡಿಗೆ ಮಿಣಮಿಣ ಸೀರಿಯಲ್ ಸೆಟ್ ಸುತ್ತಬೇಡಿ. ಅದು ಕಣ್ಣನ್ನು ದೀಪಕ್ಕೇ ಕಟ್ಟಿಹಾಕುತ್ತದೆ, ದಿಕ್ಕು ಹೇಳುವುದಿಲ್ಲ. ಮಿನುಗುವ ದೀಪ ಬೇಕಿದ್ದರೆ ಜನ ತಲುಪಬೇಕಾದ ಜಾಗಕ್ಕೇ ಹಾಕಿ. ಪ್ರಥಮ ಚಿಕಿತ್ಸೆಯ ಡೇರೆ, ಪ್ರಸಾದದ ಪೆಂಡಾಲಿನ ಬಾಗಿಲು, ಕಳೆದುಹೋದ ಮಕ್ಕಳನ್ನು ಕೂರಿಸುವ ಜಾಗ.

ಗಾಡಿಗಳಿಗೆ ಲೆಕ್ಕ ಬೇರೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ಬೈಕು ಸೆಕೆಂಡಿಗೆ 8 ಮೀಟರಿಗಿಂತ ಜಾಸ್ತಿ ಸಾಗುತ್ತದೆ. ಬೋರ್ಡು ಕಂಡು, ಓದಿ, ಕನ್ನಡಿ ನೋಡಿ, ಬ್ರೇಕು ಹಾಕಲು ನಾಲ್ಕು ಸೆಕೆಂಡ್ ಇಟ್ಟುಕೊಂಡರೂ 33 ಮೀಟರ್ ಆಯಿತು. ಪಾರ್ಕಿಂಗ್ ಬೋರ್ಡನ್ನು ತಿರುವಿನಲ್ಲಿ ಮಾತ್ರ ಹಾಕಿದರೆ ಬೈಕಿನವರು ದಾಟಿ ಹೋಗಿ, ರಸ್ತೆಯ ನಡುವೆಯೇ ಹಿಂದಕ್ಕೆ ತಿರುಗಿಸುತ್ತಾರೆ. 40ರಿಂದ 50 ಮೀಟರ್ ಮುಂಚೆ ಒಂದು, ತಿರುವಿನಲ್ಲಿ ಇನ್ನೊಂದು.

ಮುಖಗಳ ಬಗ್ಗೆ ಎಚ್ಚರ

ನನಗೆ ಅತಿ ಮುಖ್ಯ ಅನ್ನಿಸುವ ಹಂತ ಇದು. ನಮ್ಮೂರಿನ ಪ್ರತಿ ಫ್ಲೆಕ್ಸಿನಲ್ಲೂ ಮುಖಗಳು. ಹುಟ್ಟುಹಬ್ಬದ ಶುಭಾಶಯ, ಸ್ವಾಗತ, ಶ್ರದ್ಧಾಂಜಲಿ. ಮನುಷ್ಯರ ಕಣ್ಣು ಎಲ್ಲಕ್ಕಿಂತ ಮೊದಲು ಮುಖದ ಕಡೆ, ಅದರಲ್ಲೂ ಕಣ್ಣುಗಳ ಕಡೆ ಹೋಗುತ್ತದೆ. 1998ರಲ್ಲಿ ಫ್ರೀಸನ್ ಮತ್ತು ಕಿಂಗ್‌ಸ್ಟನ್ ಅನ್ನುವವರು ಒಂದು ವೃತ್ತ, ಎರಡು ಕಣ್ಣು, ಮೂಗು, ಬಾಯಿ ಇಷ್ಟೇ ಇರುವ ಚಿತ್ರ ತೋರಿಸಿದರು. ಆ ಗೆರೆಯ ಕಣ್ಣುಗಳು ಎತ್ತ ನೋಡಿದವೋ ನೋಡುವವರ ಗಮನವೂ ಅತ್ತಲೇ ಹೋಯಿತು. ಆ ನೋಟಕ್ಕೆ ಅರ್ಥವಿಲ್ಲ ಅಂತ ಮೊದಲೇ ಹೇಳಿದ್ದರೂ ಹೋಯಿತು.

ಹಾಗಾಗಿ ದಾರಿ ತೋರಿಸುವ ಬೋರ್ಡಿನ ಅಕ್ಕಪಕ್ಕ ಮುಖದ ಫ್ಲೆಕ್ಸ್ ಬೇಡ. ದಾನಿಗಳ, ಹಿರಿಯರ ಭಾವಚಿತ್ರ ಹಾಕಲೇಬೇಕಾದರೆ ಅದಕ್ಕೆ ಬೇರೆ ಜಾಗ, ಬೇರೆ ಗೌರವ ಕೊಡಿ. ಬೋರ್ಡಿನಲ್ಲಿ ಮನುಷ್ಯರ ಚಿತ್ರ ಬಳಸುವುದಾದರೆ ಆ ಮುಖ, ಆ ಮೈ ಹೋಗಬೇಕಾದ ಕಡೆಗೇ ತಿರುಗಿರಲಿ. ತುರ್ತು ನಿರ್ಗಮನದ ಬೋರ್ಡಿನಲ್ಲಿ ಬಾಗಿಲಿನತ್ತ ಓಡುವ ಮನುಷ್ಯನ ಚಿತ್ರ ನೋಡಿರುತ್ತೀರಿ. ಜಪಾನಿನ ಯುಕಿಯೊ ಓಟಾ ರೂಪಿಸಿದ ಚಿತ್ರ ಅದು. ಅವನು ಎಡಕ್ಕೆ ಓಡುವ ಬೋರ್ಡನ್ನು ಬಲಗಡೆಯ ಬಾಗಿಲಿಗೆ ಹಾಕಿದರೆ ಹೊಗೆಯಲ್ಲಿ ಸಿಕ್ಕ ಜನರನ್ನು ಗೋಡೆಗೆ ಕಳಿಸಿದಂತೆ. ಕಲ್ಯಾಣ ಮಂಟಪ, ಚಿತ್ರಮಂದಿರ ನಡೆಸುವವರು ಇವತ್ತೇ ಒಮ್ಮೆ ನೋಡಿಕೊಳ್ಳಿ.

ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸಬಹುದು. 1969ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಸ್ಟಾನ್ಲಿ ಮಿಲ್‌ಗ್ರಾಂ ಮತ್ತು ಜೊತೆಗಾರರ ಪ್ರಯೋಗ ಬಂತು. ಒಬ್ಬ ವ್ಯಕ್ತಿ ನಿಂತು ಎದುರಿನ ಕಟ್ಟಡದ ಕಿಟಕಿ ನೋಡಿದರೆ ದಾರಿಹೋಕರಲ್ಲಿ ಶೇ. 4 ಜನ ತಾವೂ ನಿಂತರು. ಹದಿನೈದು ಜನ ನೋಡಿದಾಗ ಶೇ. 40. ಜಾತ್ರೆಯ ಸ್ವಯಂಸೇವಕರು ಬರುವ ಜನರಿಗೆ ಎದುರಾಗಿ ನಿಂತು ಮೊಬೈಲು ನೋಡುತ್ತಿದ್ದರೆ ಇದೆಲ್ಲ ವ್ಯರ್ಥ. ಇಬ್ಬರು ಮೂವರು ಹೋಗಬೇಕಾದ ದಿಕ್ಕಿಗೆ ಮೈ ತಿರುಗಿಸಿ, ಅತ್ತಲೇ ನೋಡುತ್ತಾ, ಕೈ ಪೂರ್ತಿ ಚಾಚಿ “ಈ ಕಡಿ ಬರ್ರಿ, ಈ ಕಡಿ” ಅನ್ನಲಿ. ಕೈ ಎಡಕ್ಕೆ, ಕಣ್ಣು ಬಲಕ್ಕೆ ಆಗಬಾರದು.

ನಿಂತು ನೋಡಿ, ಆಮೇಲೆ ಬದಲಾಯಿಸಿ

ಬೋರ್ಡು ಹಾಕಿ ಹೋಗಿಬಿಟ್ಟರೆ ಅರ್ಧ ಕೆಲಸ. ಮೊದಲ ದಿನ ಜನ ಬರುವ ಹೊತ್ತಿಗೆ ಪ್ರತಿ ತಿರುವಿನಲ್ಲೂ ಒಬ್ಬರು ದೂರ ನಿಂತು ಗಮನಿಸಲಿ. ಮೂರು ವಿಷಯ ಬರೆದುಕೊಂಡರೆ ಸಾಕು. ಎಷ್ಟು ಜನ ನಿಲ್ಲದೇ ಸರಿಯಾಗಿ ತಿರುಗಿದರು, ಎಷ್ಟು ಜನ ಯಾರನ್ನಾದರೂ ಕೇಳಿದರು, ಎಷ್ಟು ಜನ ತಪ್ಪು ಹೋಗಿ ವಾಪಸು ಬಂದರು. ವಾಪಸು ಬರುವವರು ಜಾಸ್ತಿ ಇದ್ದರೆ ಎಲ್ಲೋ ಒಂದು ಗುರುತು ಸುಳ್ಳು ಹೇಳುತ್ತಿದೆ. ಅದು ನಿಮ್ಮ ಬಾಣವೇ ಆಗಬೇಕಿಲ್ಲ. ಪಕ್ಕದ ಅಂಗಡಿಯ ಜಾಹೀರಾತಿನ ಬಾಣ ಇರಬಹುದು, ಗಾಳಿಗೆ ತಿರುಗಿದ ತಗಡು ಇರಬಹುದು. ಕೇಳುವವರು ಮಾತ್ರ ಜಾಸ್ತಿ ಇದ್ದರೆ ಬೋರ್ಡು ಕಾಣುತ್ತಿಲ್ಲ, ಜಾಗ ಅಥವಾ ಎತ್ತರ ಬದಲಾಯಿಸಿ.

‘ಇಷ್ಟು ದೊಡ್ಡ ಬೋರ್ಡು ಹೇಗೆ ಕಾಣಲ್ಲ?’ ಅಂತ ಅನ್ನಿಸಬಹುದು. 1999ರಲ್ಲಿ ಸೈಮನ್ಸ್ ಮತ್ತು ಶಬ್ರಿ ಜನರಿಗೆ ಒಂದು ವೀಡಿಯೊ ತೋರಿಸಿ, ಆಟಗಾರರು ಚೆಂಡನ್ನು ಎಷ್ಟು ಸಲ ಎಸೆಯುತ್ತಾರೆ ಅಂತ ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರು ಬಂದು ಎದೆ ಬಡಿದುಕೊಂಡು ಹೋದರು. ಹೆಚ್ಚು ಕಡಿಮೆ ಅರ್ಧ ಜನರಿಗೆ ಅದು ಕಾಣಲೇ ಇಲ್ಲ. ಎಣಿಸುವುದರಲ್ಲಿ ಮುಳುಗಿದವರಿಗೇ ಹೀಗಾದರೆ, ಕೈಹಿಡಿದ ಮಕ್ಕಳನ್ನು ಜನಜಂಗುಳಿಯಲ್ಲಿ ಕಾಯುತ್ತಾ ಬರುವ ತಾಯಿಗೆ ನಿಮ್ಮ ಬೋರ್ಡು ಕಾಣದಿದ್ದರೆ ತಪ್ಪು ಆಕೆಯದ್ದಲ್ಲ.

ಕಾರ್ಯಕ್ರಮ ಮುಗಿದ ಸಂಜೆಯೇ ಕಿತ್ತುಹಾಕಿ

ಯಾರೂ ಮಾಡದ ಹಂತ ಇದೇ. ಜಾತ್ರೆ ಮುಗಿದು ತಿಂಗಳಾದರೂ ‘ಪಾರ್ಕಿಂಗ್’ ಬಾಣ ಖಾಲಿ ಮೈದಾನ ತೋರಿಸುತ್ತಾ ನಿಂತಿರುತ್ತದೆ. ವಾರ್ಡು ಮೇಲಿನ ಮಹಡಿಗೆ ಹೋಗಿರುತ್ತದೆ, ಬಾಣ ಹಳೆಯ ಬಾಗಿಲಿಗೇ ಇರುತ್ತದೆ. ಇಂಥ ಬಾಣಗಳಿಂದ ಇನ್ನೊಂದು ಹಾನಿಯೂ ಇದೆ. ಹತ್ತು ಸಲ ಸುಳ್ಳು ಹೇಳಿದ ಗುರುತಿನ ಮೇಲೆ ಜನರಿಗೆ ಭರವಸೆ ಹೋಗುತ್ತದೆ, ಮುಂದೆ ನಿಜವಾದದ್ದನ್ನೂ ನಂಬದೆ ಯಾರನ್ನಾದರೂ ಕೇಳಿಯೇ ಹೋಗುತ್ತಾರೆ.

ಹಾಕುವಾಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ಕಂಬ, ಯಾವ ಗೋಡೆ, ಯಾರು ಕಟ್ಟಿದರು, ಯಾರು ಬಿಚ್ಚಬೇಕು. ಬಾಣದ ತಗಡು ಬೇರೆ, ಹೆಸರಿನ ತಗಡು ಬೇರೆ ಮಾಡಿಸಿ, ಎರಡನ್ನೂ ಬೋಲ್ಟಿನಿಂದ ಕೂಡಿಸಿ. ಆಗ ವಾರ್ಡು ಬದಲಾದರೆ ಬಾಣವನ್ನು ಮಾತ್ರ ತಿರುಗಿಸಬಹುದು, ಮುಂದಿನ ವರ್ಷಕ್ಕೂ ಅದೇ ತಗಡು ಬರುತ್ತದೆ. ಫರ್ಸಿಯ ಮೇಲಿನ ಹಳೆ ಪಟ್ಟಿಗೆ ಬೂದು ಪೇಂಟು ಬಳಿದರೆ ಸಾಲದು, ಕೆಲವು ವಾರದಲ್ಲಿ ಹಳದಿ ಮತ್ತೆ ಇಣುಕುತ್ತದೆ. ಥಿನ್ನರ್ ಹಾಕಿ ತಿಕ್ಕಿ ತೆಗೆಸಿ, ಕಲ್ಲು ತೊಳೆಸಿ, ಆಮೇಲೆ ಹೊಸ ಪಟ್ಟಿ ಎಳೆಸಿ.